ಮುಟ್ಟದ ಕೊಡ

ಪೆನ್‌ಡ್ರೈವಿನಲ್ಲಿ ಹೊಸ ಸಿಸ್ಟಮ್ ಇರಬೇಕಾಗಿತ್ತು. ಇದ್ದದ್ದು ನರಸಿಂಗನ ಮದುವೆಯ ಮೆರವಣಿಗೆ.

ವಸಂತರಾವ್ ಸರ್ವರನ್ನು ಮತ್ತೊಮ್ಮೆ ಆರಿಸಿ ಹಚ್ಚಿ ನೋಡಿದರು. ಅದು ಪೆನ್‌ಡ್ರೈವನ್ನು ಮೂಸಿಯೂ ನೋಡದೆ ತನ್ನ ಹಳೆಯ ರಾಗವನ್ನೇ ಎಳೆಯಿತು. ಅನುಮಾನ ಬಂದು ಅವರು ಬ್ಯಾಗಿನಿಂದ ತಮ್ಮ ಲ್ಯಾಪ್‌ಟಾಪ್ ತೆಗೆದರು. ಮೂಲೆಯಲ್ಲಿದ್ದ ಚಿಕ್ಕ ಚೌಕದ ಮೇಲೆ ಹೆಬ್ಬೆರಳು ಒತ್ತಿದರು. ಲ್ಯಾಪ್‌ಟಾಪ್ ಕಣ್ಣು ತೆರೆಯಿತು. ಪೆನ್‌ಡ್ರೈವ್ ಚುಚ್ಚಿದ್ದೇ ತಡ, ಬೀದರಿನ ಆ ಗಂಭೀರವಾದ ಸರ್ಕಾರಿ ಕೋಣೆಯಲ್ಲಿ ಬ್ಯಾಂಡು ಬಾರಿಸತೊಡಗಿತು.

ಪರದೆಯ ಮೇಲೆ ನರಸಿಂಗ ಬಡಕಲು ಕುದುರೆಯ ಮೇಲೆ ಕುಳಿತು ಬಾಸಿಂಗದ ಹಿಂದೆ ಬೆವರುತ್ತಿದ್ದ. ಕುದುರೆಯ ಮುಂದೆ ಕೆಂಪು ಅಂಗಿ, ಕಪ್ಪು ಕನ್ನಡಕದ ಒಬ್ಬ, ರಸ್ತೆ ತನ್ನಪ್ಪನದೇ ಎಂಬಂತೆ ಕುಣಿಯುತ್ತಿದ್ದ.

ಅದೇ ಕನ್ನಡಕದ ಮನುಷ್ಯ ಈಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಮೈಲೂರಿನ ಭಾಲಚಂದ್ರ. ಬೀದರ ಜಿಲ್ಲೆಗೆಲ್ಲ ತಾನೊಬ್ಬನೇ ಖಾಸಗಿ ಪತ್ತೇದಾರ ಎಂದು ತಾನೇ ಘೋಷಿಸಿಕೊಂಡವನು. ಇಂಥ ಘಳಿಗೆಯಲ್ಲಿ ಹೊಡೆಯಲೆಂದೇ ಮನೆಯಿಂದ ಸ್ಕೂಟರಿನ ಮೇಲೆ ಒಂದು ಡೈಲಾಗನ್ನು ಬಾಯಿಪಾಠ ಮಾಡುತ್ತ ಬಂದಿದ್ದ. ಕನ್ನಡಕ ತೆಗೆದ. ಒಂದು ಹೆಜ್ಜೆ ಮುಂದಿಟ್ಟ. ಬಾಯಿ ತೆರೆದ. ಬಂದದ್ದು ಸೀನು. ಸೀನಿನ ಜೊತೆ ಡೈಲಾಗೂ ಹಾರಿಹೋಯಿತು.

"ಅದು ನಂದ್ರಿ ಸಾಹೇಬ್ರೆ, ನಮ್ಮ ದೋಸ್ತ ನರಸಿಂಗನ ಮದುವಿದು," ಎಂದ ಮೂಗು ಒರೆಸಿಕೊಂಡು. "ಚಾದ ಅಂಗಡ್ಯಾಗ ಅದಲಿ ಬದಲಿ ಆಗ್ಯಾದ ಕಾಣ್ತದ. ನಿಮ್ಮದು ನನ್ನ ಕಿಸೆದಾಗ ಅದ."

ಕಿಸೆಯಿಂದ ತೆಗೆದು ತೋರಿಸಿದ. ಕೊಡಲಿಲ್ಲ.

ಅವನನ್ನು ಬಿಟ್ಟು ಕೋಣೆಯಲ್ಲಿದ್ದವರು ನಾಲ್ಕು ಜನ. ಮೇಜಿನ ಹಿಂದೆ ಖುರ್ಷಿದ ಬೇಗಂ, ಬರಗಾಲದ ನೀರಿನ ಹೊಣೆ ಹೊತ್ತ ಅಧಿಕಾರಿ. ಭಾಲಚಂದ್ರನನ್ನು ಈ ಕೆಲಸಕ್ಕೆ ಕರೆಸಿದವರೂ ಅವರೇ. ಸರ್ವರಿನ ಮುಂದೆ ವಸಂತರಾವ್, ಟ್ಯಾಂಕರ್ ಓಡಿಸುವ ಗುತ್ತಿಗೆ ಹಿಡಿದ ಕಂಪನಿಯ ಭಾಲ್ಕಿ ಆಫೀಸಿನ ಮ್ಯಾನೇಜರ್. ಗೋಡೆಗೆ ಅಂಟಿ ನಿಂತವನು ಮಚ್ಛೇಂದ್ರ, ಮೊನ್ನೆಯತನಕ ಈ ಸರ್ವರನ್ನು ನೋಡಿಕೊಳ್ಳುತ್ತಿದ್ದ ಹುಡುಗ. ಅವನ ಪಕ್ಕದ ಬೆಂಚಿನ ಮೇಲೆ, ಮೊದಲ ಬಸ್ಸಿಗೇ ಔರಾದ ತಾಲೂಕಿನ ಚಿಂತಾಕಿಯಿಂದ ಬಂದಿಳಿದ ಅವನ ತಾಯಿ ಗಿರಿಜಾಬಾಯಿ.

ಬೇಗಮ್ಮರ ಮುಂದೆ ಒಂದು ಕಾಗದವಿತ್ತು. ಪೊಲೀಸರಿಗೆ ದೂರು. ಟ್ಯಾಂಕರುಗಳು ಎಲ್ಲೆಲ್ಲಿ ಓಡಾಡಿದವು ಎಂಬ ದಾಖಲೆಯನ್ನೆಲ್ಲ ಅಳಿಸಿ, ಸರ್ವರನ್ನು ಕೆಡವಿದವನು ಮಚ್ಛೇಂದ್ರ ಎಂದು ಅದರಲ್ಲಿ ಬರೆದಿತ್ತು. ಸಹಿ ಒಂದು ಬಾಕಿ. ಸಹಿ ಬಿದ್ದರೆ ಗಿರಿಜಾಬಾಯಿ ಊರಿಗೆ ಒಬ್ಬಳೇ ಮರಳಬೇಕಾಗಿತ್ತು. ಕಾಗದದ ಮೂಲೆಗೆ ಎಣ್ಣೆಯ ಕಲೆಯೊಂದು ಹತ್ತಿತ್ತು. ಯಾರೋ ಮಿರ್ಚಿ ಭಜಿ ತಿಂದ ಕೈಯಲ್ಲಿ ಮುಟ್ಟಿದ್ದಾರೆ ಎಂದುಕೊಂಡ ಭಾಲಚಂದ್ರನಿಗೆ ಹಸಿವೆ ನೆನಪಾಯಿತು.

ವಸಂತರಾವ್ ಬ್ಯಾಂಡನ್ನು ನಿಲ್ಲಿಸಿದರು. ಸಿಟ್ಟು ಮಾಡುವ ಮನುಷ್ಯ ಅವರಲ್ಲ. ಸಿಟ್ಟು ಬಂದಷ್ಟೂ ಅವರ ದನಿ ಬೆಣ್ಣೆಯಾಗುತ್ತಿತ್ತು. ಹೊರಗೆ ಟ್ಯಾಂಕರುಗಳು ಸಾಲುಗಟ್ಟಿ ನಿಂತಿವೆ, ಡ್ರೈವರುಗಳು ಪಾಳಿ ತೋರಿಸುವ ಬೋರ್ಡು ನೋಡಿ ನೋಡಿ ಬೈಯುತ್ತಿದ್ದಾರೆ, ಹೊಸ ಸಿಸ್ಟಮ್ ಹಾಕದ ಹೊರತು ಒಂದು ಹನಿ ನೀರೂ ಹೊರಡುವುದಿಲ್ಲ, ಇಂಥ ಹೊತ್ತಿನಲ್ಲಿ ಈ ಹುಡುಗಾಟ ಮೇಡಮ್ಮರಿಗೆ ಶೋಭೆಯೇ ಎಂದು ಕೇಳಿದರು.

ಹೊಸದು ಹಾಕಿದರೆ ಹಳೆಯದರ ಗತಿ ಏನು ಎಂದು ಭಾಲಚಂದ್ರ ಕೇಳಿದ.

ಅಳಿಸಿಹೋಗುತ್ತದೆ ಎಂದರು ವಸಂತರಾವ್. ಅದರಲ್ಲಿ ಉಳಿದದ್ದಾದರೂ ಏನು.

ಅದೇ ಪ್ರಶ್ನೆಗೆ ಉತ್ತರ ಹುಡುಕುತ್ತ ಭಾಲಚಂದ್ರ ಈ ವಾರವಿಡೀ ಅಲೆದಿದ್ದ. ಮೆಹಕರ ಊರಿನ ಅಂಚಿನ ಓಣಿಗೆ ದಿನಾ ಟ್ಯಾಂಕರ್ ನೀರು ಹೋಗುತ್ತಿದೆ ಎಂದು ಕಂಪನಿ ಬಿಲ್ಲು ಹಾಕುತ್ತಿತ್ತು. ಹೋಗಿ ನೋಡಿದರೆ ಓಣಿಗೆ ಓಣಿಯೇ ಪುಣೆಗೆ ದುಡಿಯಲು ಹೋಗಿ, ಬಾಗಿಲಿಗೊಂದು ಬೀಗ ಜೋತುಬಿದ್ದಿತ್ತು. ಬೀಗಗಳ ಮೇಲೆಲ್ಲ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಒಂದೇ ಒಂದು ಬೀಗ ಮಾತ್ರ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಅದು ಯಾಕೆಂದು ಅವನಿಗೆ ಇನ್ನೂ ಹೊಳೆದಿರಲಿಲ್ಲ.

ನಿನ್ನೆ ಚಿಂತಾಕಿಗೆ ಮಚ್ಛೇಂದ್ರನ ಮನೆಗೆ ಹೋದಾಗ ಮಾತ್ರ ಒಂದು ಸಂಗತಿ ಸಿಕ್ಕಿತ್ತು. ಸಿಕ್ಕಿದ್ದು ಕೈಮೇಲೆ ಏಟಿನ ರೂಪದಲ್ಲಿ.

ಬಿಸಿಲಲ್ಲಿ ಬಂದವನು ಸೀದಾ ಮೂಲೆಯ ಕೊಡಕ್ಕೆ ಕೈಹಾಕಿದ್ದ. ಗಿರಿಜಾಬಾಯಿ ಕೈಯಲ್ಲಿದ್ದ ಸೌಟಿನಿಂದಲೇ ರಪ್ಪೆಂದು ಕೊಟ್ಟಳು. ಕುಡಿಯಲು ಬೇರೆ ಕೊಡವಿದೆ, ಇದು ಮುಟ್ಟುವುದಲ್ಲ ಎಂದಳು. ಟ್ಯಾಂಕರ್ ಬಂದ ಕೂಡಲೇ ಮೊದಲ ಕೊಡ ಆ ಮೂಲೆಗೆ ಹೋಗುತ್ತದೆ. ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಅಡಿಗೆ, ಸ್ನಾನ, ದನಕರು ಎಲ್ಲ ಉಳಿದ ಕೊಡಗಳಲ್ಲಿ. ಮನೆಯಲ್ಲಿ ಯಾರಾದರೂ ಬಿದ್ದರೆ, ಹೊಸ್ತಿಲಲ್ಲಿ ಯಾರಾದರೂ ದಣಿದು ಕುಸಿದರೆ, ಆಗ ಮಾತ್ರ ಅದರ ಗಂಟು ಬಿಚ್ಚಬೇಕು. ಬಳಸಿ ಉಳಿದದ್ದನ್ನು ಎತ್ತಿಡೋಣ ಎಂದರೆ ಉಳಿಯುವುದೇ ಇಲ್ಲ, ಅದಕ್ಕೇ ಮೊದಲು ಎತ್ತಿಡುವುದು ಎಂದಳು.

ಆದರೆ ಆ ಬಟ್ಟೆಯ ಗಂಟು ಹೊಸದಾಗಿತ್ತು. ಯಾರಿಗೆ ಬಿಚ್ಚಿದಿರಿ ಎಂದರೆ ಗಿರಿಜಾಬಾಯಿ ಸೊಪ್ಪು ಸೋಸತೊಡಗಿದಳು.

ಏಟು ತಿಂದ ಕೈ ಉಜ್ಜಿಕೊಳ್ಳುತ್ತ ಕೂತಿದ್ದ ಭಾಲಚಂದ್ರನಿಗೆ ಮಚ್ಛೇಂದ್ರ ಆಗ ಒಂದು ಮಾತು ಹೇಳಿದ್ದ. ಸರ್ವರಿನಲ್ಲೂ ಇಂಥದೇ ಒಂದು ಕೊಡ ಇತ್ತು. ಅದನ್ನು ಇಟ್ಟವನು ತನಗೆ ಕೆಲಸ ಕಲಿಸಿದ ಕಾಶೀರಾಮ. ಹೋದ ವರ್ಷ ಕಾಶೀರಾಮ ಗುಳೆ ಹೋದವರ ಜೊತೆ ಪುಣೆಗೆ ಹೋದವನು ಒಂದು ಫೋನೂ ಮಾಡಿಲ್ಲ. ಆ ಕೊಡವನ್ನು ತೆಗೆದವನು ತಾನೇ. ವಸಂತರಾವ್ ತೆಗೆ ಎಂದರು, ತೆಗೆದೆ.

ಇಷ್ಟನ್ನು ಭಾಲಚಂದ್ರ ಈಗ ಬೇಗಮ್ಮರಿಗೆ ಹೇಳಿದ. ಅವರು ಮಚ್ಛೇಂದ್ರನ ಕಡೆ ತಿರುಗಿ, ಕೊಡ ಎಂದರೆ ಏನು, ಬಿಡಿಸಿ ಹೇಳು ಎಂದರು.

ಮಚ್ಛೇಂದ್ರ ನೆಲ ನೋಡುತ್ತ ಶುರುಮಾಡಿದ. ಸರ್ವರ್ ಹಚ್ಚಿದಾಗ ಒಳಗೆ ಒಬ್ಬ ಯಜಮಾನ ಏಳುತ್ತಾನೆ. ಅವನಿಗೆ ಕರ್ನೆಲ್ ಎನ್ನುತ್ತಾರೆ. ಮೆಮೊರಿ ಎಲ್ಲ ಅವನ ಕೈಯಲ್ಲಿ, ಯಾರಿಗೆ ಎಷ್ಟು ಎಂದು ಅವನೇ ಹಂಚುತ್ತಾನೆ. ಆದರೆ ಅವನು ಹಂಚಲು ಶುರುಮಾಡುವ ಮೊದಲೇ, ಏಳುವ ಹೊತ್ತಿಗೇ, ಮೆಮೊರಿಯ ಒಂದು ತುಂಡನ್ನು ಬದಿಗೆ ತೆಗೆದಿಡುವಂತೆ ಬರೆದಿಡಬಹುದು. ಆ ತುಂಡಿನಲ್ಲಿ ಇನ್ನೊಬ್ಬ ಚಿಕ್ಕ ಕರ್ನೆಲ್ ಮಲಗಿರುತ್ತಾನೆ. ಯಜಮಾನ ಇದ್ದಕ್ಕಿದ್ದಂತೆ ಬಿದ್ದು ಸತ್ತರೆ ಚಿಕ್ಕವನು ಎಚ್ಚರಾಗುತ್ತಾನೆ. ತನ್ನ ತುಂಡು ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಸತ್ತವನ ಮೆಮೊರಿಯನ್ನೆಲ್ಲ ಇದ್ದದ್ದು ಇದ್ದ ಹಾಗೆ ಡಿಸ್ಕಿಗೆ ಬರೆದಿಟ್ಟು, ಸರ್ವರನ್ನು ಮತ್ತೆ ಎಬ್ಬಿಸಿ ಹೋಗುತ್ತಾನೆ. ಆ ಕ್ಷಣದಲ್ಲಿ ಒಳಗೆ ಯಾರಿದ್ದರು, ಏನು ಮಾಡುತ್ತಿದ್ದರು, ಎಲ್ಲ ಅದರಲ್ಲಿ ಸಿಗುತ್ತದೆ.

ಸತ್ತ ಮೇಲೆ ಜಾಗ ಕೇಳಿದರಾಗದೇ, ಮೊದಲೇ ಯಾಕೆ ಎಂದರು ಬೇಗಂ.

"ಸಾಯೋರ ಕೈಯಾಗ ಕೊಡು ಅಂದ್ರ ಹ್ಯಾಂಗ ಕೊಡ್ತಾರ್ರಿ ಮೇಡಮ್," ಎಂದ ಮಚ್ಛೇಂದ್ರ. "ಆವಾಗ ಅವರ ಕೈ ನಂಬಲಿಕ್ಕೂ ಆಗೂದಿಲ್ರಿ."

ವಸಂತರಾವ್ ನಕ್ಕರು. ನಗು ಪ್ರಾಮಾಣಿಕವಾಗಿಯೇ ಇತ್ತು. ಮೊದಲೇ ಬಡಪಾಯಿ ಯಂತ್ರ, ಅದರ ಮೆಮೊರಿಯಲ್ಲಿ ಒಂದು ಪಾಲನ್ನು ಸುಮ್ಮನೆ ಮಲಗಿಸಿಡುವುದು ದಂಡ ಎಂದು ತಾವೇ ತೆಗೆಸಿದ್ದಾಗಿ ಒಪ್ಪಿಕೊಂಡರು. ಸರ್ವರಿನ ಪರದೆಯನ್ನು ಬೇಗಮ್ಮರ ಕಡೆ ತಿರುಗಿಸಿ, ಏಳುವಾಗ ಓದುವ ಸಾಲನ್ನು ತೋರಿಸಿದರು. ತುಂಡು ತೆಗೆದಿಡು ಎಂಬ ಮಾತು ಅದರಲ್ಲಿ ಇರಲಿಲ್ಲ.

"ಕೊಡಾನೇ ಇಲ್ಲ. ಇನ್ನ ನೀರ್ ಎಲ್ಲಿಂದ ಹುಡುಕ್ತೀರಿ?" ಎಂದರು.

ಭಾಲಚಂದ್ರ ಗಿರಿಜಾಬಾಯಿಯ ಬೆಂಚಿನ ತುದಿಗೆ ಕುಕ್ಕರಿಸಿದ.

"ಮೌಶಿ, ಒಂದಿನ ಮುಂಜಾನಿ ನೀವು ಕೊಡ ಎತ್ತಿಟ್ಟೀರಿ. ಮಧ್ಯಾನಕ್ಕ ಯಾರೋ ಬಂದು, ಇನ್ನ ಮ್ಯಾಲ ಎತ್ತಿಡಬ್ಯಾಡ್ರಿ ಅಂದ್ರು. ಅವತ್ತು ಎತ್ತಿಟ್ಟಿದ್ದು ಏನಾಗ್ತದ?"

"ಏನಾಗ್ತದಪ್ಪ, ಇರ್ತದ," ಎಂದಳು ಗಿರಿಜಾಬಾಯಿ. "ಮುಂದಿನ ಟ್ಯಾಂಕರ್ ಬರೋತನಾ ಅದು ಅಲ್ಲೇ ಇರ್ತದ."

ಮಚ್ಛೇಂದ್ರ ತಲೆ ಎತ್ತಿದ. ಎತ್ತಿದವನು ಮತ್ತೆ ತಗ್ಗಿಸಿದ. ಹೌದು, ಸಾಲು ಅಳಿಸಿದರೂ ಸರ್ವರ್ ಆರಿ ಮತ್ತೆ ಏಳುವತನಕ ತೆಗೆದಿಟ್ಟ ತುಂಡು ಹಾಗೇ ಇರುತ್ತದೆ, ಅದು ತನಗೂ ಗೊತ್ತು ಎಂದ. ಆದರೆ ತಾನು ಸಾಲು ಅಳಿಸಿದ ಮರುದಿನವೇ ಬೀದರಿನಲ್ಲಿ ಬೆಳಗಿನಿಂದ ಸಂಜೆತನಕ ಕರೆಂಟು ಇರಲಿಲ್ಲ. ತಾನು ರಜೆಯಲ್ಲಿ ಚಿಂತಾಕಿಯಲ್ಲಿದ್ದೆ. ಸರ್ವರ್ ಅವತ್ತೇ ಆರಿ ಎದ್ದಿದೆ. ಕೊಡ ಅವತ್ತೇ ಹೋಗಿದೆ.

"ಅಷ್ಟೇ," ಎಂದರು ವಸಂತರಾವ್. "ಅವನೇ ಹೇಳಿಬಿಟ್ಟ ನೋಡ್ರಿ."

ಬೇಗಂ ಪೆನ್ನಿನ ಟೋಪಿ ತೆಗೆದರು. ಯಂತ್ರವನ್ನು ಇನ್ನೂ ತಡೆದು ಹಿಡಿಯಲು ತಮಗೊಂದು ಕಾರಣ ಬೇಕು, ಇದ್ದರೆ ಈಗಲೇ ಹೇಳು ಎಂದರು ಭಾಲಚಂದ್ರನಿಗೆ.

ಭಾಲಚಂದ್ರ ಕನ್ನಡಕ ಹಾಕಿಕೊಂಡ. ಹಿನ್ನೆಲೆ ಸಂಗೀತ ಇರಬೇಕಾದ ಜಾಗ ಇದು ಎಂದು ಅವನಿಗೆ ಅನಿಸಿತು. ಇದ್ದದ್ದು ಕಿಟಕಿಯಲ್ಲಿ ಕರಕರ ಎನ್ನುವ ಕೂಲರ್ ಒಂದೇ. ಅವನು ಅದರ ಕಡೆಗೇ ಬೆರಳು ತೋರಿಸಿದ.

ಕರೆಂಟು ಇಲ್ಲದ ಆ ದಿನ ಹೈದರಾಬಾದಿನಿಂದ ಕಂಪನಿಯ ದೊಡ್ಡ ಸಾಹೇಬರು ಇದೇ ಕೋಣೆಗೆ ಬಂದಿದ್ದರಲ್ಲವೇ ಎಂದು ಕೇಳಿದ. ಬಂದಿದ್ದರು. ಅವರು ಹೇಗೆ ಬೆವರಿದರು, ಫೈಲಿನಿಂದ ಹೇಗೆ ಗಾಳಿ ಹಾಕಿಕೊಂಡರು, ಕೊನೆಗೆ ಟೈ ಬಿಚ್ಚಿ ವಸಂತರಾವ್ ಕೈಗೆ ಕೊಟ್ಟು ಹೇಗೆ ಬೈದರು ಎಂಬುದನ್ನು ವಸಂತರಾವೇ ಇವತ್ತು ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ನಟಿಸಿ ತೋರಿಸಿದ್ದರು. ಆ ನಟನೆಗೆ ನಕ್ಕು ನಕ್ಕು ಸಾಕಾಗುತ್ತಿದ್ದಾಗಲೇ ಭಾಲಚಂದ್ರ ಪೆನ್‌ಡ್ರೈವ್ ಬದಲಿಸಿದ್ದು.

"ಈ ಬಿಲ್ಡಿಂಗಿಗೆ ಇನ್ವರ್ಟರ್ ಒಂದೇ ಅದ," ಎಂದ. "ಕೂಲರಿಗೆ ಕೊಟ್ರ ಸರ್ವರ್ ಸಾಯ್ತದ. ಸರ್ವರಿಗೆ ಕೊಟ್ರ ಸಾಹೇಬ್ರು ಬೆವರ್ತಾರ. ಅವತ್ತು ಸಾಹೇಬ್ರು ಬೆವರ್ಯಾರ."



ವಸಂತರಾವ್ ಬೆಣ್ಣೆಯ ದನಿಯಲ್ಲಿ ಒಂದು ತಿದ್ದುಪಡಿ ತಂದರು. ಇನ್ವರ್ಟರ್ ಕೂಲರಿಗೆ ಹಚ್ಚಲು ತಾವೇ ಹೇಳಿದ್ದರು. ಅದು ಕೆಟ್ಟಿದೆ ಎಂದು ಲೈನ್‌ಮನ್ ಹೇಳಿದ. ಹಾಗಾಗಿ ಕೂಲರೂ ಇಲ್ಲ, ಸರ್ವರೂ ಇಲ್ಲ.

ಲೈನ್‌ಮನ್ ಜಹೀರೋದ್ದೀನನನ್ನು ಕರೆಸಿದರು. ಅವನು ಹೊಸ್ತಿಲಲ್ಲಿ ನಿಂತು ಒಳಗಿದ್ದ ಒಬ್ಬೊಬ್ಬರ ಮುಖವನ್ನೂ ಅಳೆದ. ಇನ್ವರ್ಟರ್ ಕೆಟ್ಟಿತ್ತೇ ಎಂದು ಬೇಗಂ ಕೇಳಿದಾಗ ಕೈಯಲ್ಲಿದ್ದ ಟೆಸ್ಟರನ್ನು ಕಿವಿಯ ಹಿಂದೆ ಸಿಕ್ಕಿಸಿದ. ಅಲ್ಲಿಂದ ತೆಗೆದು ಕಿಸೆಗೆ ಹಾಕಿದ.

"ಕೆಟ್ಟಿದ್ದಿಲ್ರಿ ಮೇಡಮ್," ಎಂದ. "ನಾನೇ ಕೂಲರಿಂದ ತೆಗೆದು ಸರ್ವರಿಗೆ ಹಚ್ಚಿದ್ದ್ರಿ."

ಯಾಕೆ ಎಂದರು ಬೇಗಂ.

ಕಾರಣ ಅವನ ಅಂಗಿಯಲ್ಲಿತ್ತು. ಹಿಂದೊಮ್ಮೆ ಕರೆಂಟು ಹೋಗಿ ಹೊರಗಿನ ಬೋರ್ಡು ಆರಿದಾಗ, ತಮ್ಮ ಪಾಳಿ ಯಾವುದೆಂದು ತಿಳಿಯದೆ ಡ್ರೈವರುಗಳು ಜಗಳಕ್ಕೆ ಬಿದ್ದು, ಬಿಡಿಸಲು ಹೋದ ಇವನ ಅಂಗಿಯನ್ನೇ ಎರಡು ಮಾಡಿದ್ದರು. ಅದೂ ರಂಜಾನಿಗೆಂದು ಹೊಲಿಸಿದ್ದ ಅಂಗಿ. ಸಾಹೇಬರು ಬೈದರೆ ಬೈಗುಳ ತಿಂದು ಅರಗಿಸಿಕೊಳ್ಳಬಹುದು, ಡ್ರೈವರುಗಳು ಹಿಡಿದರೆ ಹೊಲಿಗೆ ಹಾಕಿಸಬೇಕು. ಹಾಗಾಗಿ ಲೈಟು, ಫ್ಯಾನು, ಕೂಲರು ಎಲ್ಲ ತೆಗೆದು, ಸಂಜೆತನಕ ಸರ್ವರು ಮತ್ತು ಬೋರ್ಡು ಎರಡಕ್ಕೇ ಇನ್ವರ್ಟರ್ ಕೊಟ್ಟು, ಕೆಟ್ಟಿದೆ ಎಂದು ಸುಳ್ಳು ಹೇಳಿದ್ದ.

ಸರ್ವರ್ ಅವತ್ತು ಆರಲೇ ಇಲ್ಲವೇ ಎಂದು ಭಾಲಚಂದ್ರ ಕೇಳಿದ.

"ಕಣ್ ಸುದ್ದಾ ಮಿಟುಕಿಸಿಲ್ರಿ."

ಮಚ್ಛೇಂದ್ರ ಗೋಡೆಯಿಂದ ಬೆನ್ನು ಕಿತ್ತ. ಅವನ ಮುಖದ ಮೇಲೆ, ಬಹಳ ದಿನದಿಂದ ಮುಚ್ಚಿದ್ದ ಕಿಟಕಿಯ ಒಂದು ಪಟ್ಟಿ ತೆರೆದಂತೆ ಏನೋ ಹರಿದಾಡಿತು. ಬೇಗಂ ಪೆನ್ನಿಗೆ ಟೋಪಿ ಹಾಕಿ, ಅವನಿಗೆ ಕುರ್ಚಿಯನ್ನು ಕಣ್ಣಲ್ಲೇ ತೋರಿಸಿದರು.

ವಸಂತರಾವ್ ಏಳಬೇಕಾಯಿತು. ಎದ್ದರು, ಆದರೆ ತೀರ ಪಕ್ಕದಲ್ಲೇ ನಿಂತರು.

ಸರ್ವರ್ ಸತ್ತಾಗ ಬರೆದಿಡುವ ಜಾಗವೊಂದಿತ್ತು. ಮಚ್ಛೇಂದ್ರ ಅದನ್ನು ತೆರೆದ. ಒಂದೇ ಒಂದು ಕಡತ. ತಾರೀಖು ಸೋಮವಾರದ್ದು, ಸರ್ವರ್ ಬಿದ್ದ ದಿನ.

"ಅವ್ವಾ, ಕೊಡ ಅದ," ಎಂದ ಮಚ್ಛೇಂದ್ರ. ಗಿರಿಜಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕಡತ ದೊಡ್ಡದಿತ್ತು, ಬಿಚ್ಚಿಕೊಳ್ಳಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಜಹೀರೋದ್ದೀನ ಎಲ್ಲರಿಗೂ ಚಹಾ ಹೇಳಲು ಹೋದ. ಭಾಲಚಂದ್ರ ಭಜಿಯೂ ಇರಲಿ ಎಂದ.

ಮೊದಲು ಬಿಚ್ಚಿಕೊಂಡದ್ದು ಒಳ್ಳೆಯ ಸುದ್ದಿಯಲ್ಲ. ಸೋಮವಾರ ಮಧ್ಯಾಹ್ನ ಒಳಗೆ ಕೂತು ಟ್ಯಾಂಕರ್ ದಾಖಲೆಗಳನ್ನು ಸಾಲು ಸಾಲಾಗಿ ಅಳಿಸುತ್ತಿದ್ದವನ ಹೆಸರು ಪರದೆಯ ಮೇಲೆ ಮೂಡಿತು. ಮಚ್ಛೇಂದ್ರ.

ವಸಂತರಾವ್ ಮಚ್ಛೇಂದ್ರನ ಹೆಗಲ ಮೇಲೆ ಕೈ ಇಟ್ಟರು, ಸತ್ತ ಮನೆಯಲ್ಲಿ ಇಡುವ ಹಾಗೆ.

ಸೋಮವಾರ ಮಧ್ಯಾಹ್ನ ಅವನು ಟ್ಯಾಂಕರಿನ ಪಾಳಿಯಲ್ಲಿ ತನ್ನ ಹಿಂದೆಯೇ ನಿಂತಿದ್ದ ಎಂದಳು ಗಿರಿಜಾಬಾಯಿ. ಈ ಮಾತನ್ನು ಆಕೆ ಬಂದಾಗಿನಿಂದ ಹೇಳುತ್ತಲೇ ಇದ್ದಳು. ತಾಯಿಯ ಸಾಕ್ಷಿ ಎಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಹೆಸರು ಬಿಡು," ಎಂದ ಭಾಲಚಂದ್ರ. "ಹೆಸರು ಯಾರ್ ಬೇಕಾದ್ರೂ ಹಾಕ್ಕೋತಾರ. ನಾಟಕದಾಗ ನಾನು ರಾಮನೂ ಆಗೀನಿ, ರಾವಣನೂ ಆಗೀನಿ. ಯಾವ ಬಾಗಿಲಿಂದ ಬಂದಾನ ನೋಡು."

ಮಚ್ಛೇಂದ್ರ ಹುಡುಕಿದ. ಎರಡು ಸಲ ತಪ್ಪು ಒತ್ತಿದ. ಕೊನೆಗೆ ಸಿಕ್ಕಿತು. ಬಂದವನು ಈ ಕೋಣೆಯಿಂದ ಬಂದಿರಲಿಲ್ಲ, ಚಿಂತಾಕಿಯಿಂದಲೂ ಅಲ್ಲ. ದೂರದಿಂದ, ಭಾಲ್ಕಿಯ ಆಫೀಸಿನಿಂದ, ಒಂದು ಲ್ಯಾಪ್‌ಟಾಪಿನ ಮೂಲಕ. ಆ ಲ್ಯಾಪ್‌ಟಾಪಿನ ಗುರುತೂ ಅಲ್ಲೇ ಇತ್ತು.

ಮೇಜಿನ ಮೇಲೆ ವಸಂತರಾವ್ ಅವರ ಲ್ಯಾಪ್‌ಟಾಪ್ ಇನ್ನೂ ತೆರೆದೇ ಇತ್ತು. ಅದರಲ್ಲಿ ನರಸಿಂಗನ ಕುದುರೆ ಒಂದು ಕಾಲೆತ್ತಿಕೊಂಡು ನಿಂತುಬಿಟ್ಟಿತ್ತು. ಬೇಗಂ ಅದನ್ನು ತಮ್ಮ ಕಡೆ ಎಳೆದುಕೊಂಡು, ಅದರ ಗುರುತನ್ನು ತೆಗೆದು ತೋರಿಸಲು ಮಚ್ಛೇಂದ್ರನಿಗೆ ಹೇಳಿದರು. ಎರಡೂ ಒಂದೇ ಆಗಿತ್ತು.

ಆಫೀಸಿನಲ್ಲಿ ಲ್ಯಾಪ್‌ಟಾಪ್ ಬಿಟ್ಟು ಎಷ್ಟೋ ಸಲ ಹೊರಗೆ ಹೋಗುತ್ತೇನೆ, ಯಾರು ಬೇಕಾದರೂ ಬಳಸಬಹುದು ಎಂದರು ವಸಂತರಾವ್. ದನಿ ಈಗ ತುಪ್ಪವಾಗಿತ್ತು.

"ಹೆಬ್ಬೆರಳು ಸುದ್ದಾ ಆಫೀಸಿನ್ಯಾಗ ಬಿಟ್ಟು ಹೋಗ್ತೀರೇನ್ರಿ ಸಾಹೇಬ್ರೆ?" ಎಂದ ಭಾಲಚಂದ್ರ.

ಆಗ ಬೇಗಮ್ಮರಿಗೆ ಪೆನ್‌ಡ್ರೈವಿನ ಕುಚೋದ್ಯ ಪೂರ್ತಿ ಅರ್ಥವಾಯಿತು. ಸರ್ವರ್ ಅಳಿಯದಂತೆ ತಡೆಯುವುದು ಅದರ ಅರ್ಧ. ಉಳಿದರ್ಧ, ಎಲ್ಲರ ಕಣ್ಣೆದುರು ಈ ಮನುಷ್ಯ ತನ್ನ ಹೆಬ್ಬೆರಳಿನಿಂದಲೇ ಲ್ಯಾಪ್‌ಟಾಪ್ ತೆರೆಯುವಂತೆ ಮಾಡುವುದು. ಅವರ ತುಟಿಯ ಒಂದು ಮೂಲೆ ಮೇಲೆದ್ದಿತು. ಆ ಕಚೇರಿಯಲ್ಲಿ ಅದನ್ನು ನಗು ಎಂದೇ ಲೆಕ್ಕ ಹಿಡಿಯುತ್ತಿದ್ದರು.

ವಸಂತರಾವ್ ಕುರ್ಚಿ ಹುಡುಕಿದರು. ಮಚ್ಛೇಂದ್ರ ಕೂತಿದ್ದರಿಂದ ಬೆಂಚಿನ ಮೇಲೆ, ಗಿರಿಜಾಬಾಯಿಯ ಪಕ್ಕದಲ್ಲೇ ಕೂರಬೇಕಾಯಿತು. ಆಕೆ ಸೀರೆ ಎಳೆದುಕೊಂಡು ಸರಿದಳು.

"ಜನಾನೇ ಇಲ್ಲದ ಓಣಿ," ಎಂದರು ವಸಂತರಾವ್. "ಅಲ್ಲಿ ನೀರು ಹೊಯ್ದು ಏನ್ ಮಾಡೂದಿತ್ರಿ? ಬೀಗ ಕುಡೀತಿದ್ದುವೇನು?"

"ಚಿಂತಾಕಿ ಕುಡೀತಿತ್ತು," ಎಂದರು ಬೇಗಂ.

ಅವರು ದೂರಿನ ಕಾಗದವನ್ನು ಎತ್ತಿ, ನಡುವೆ ಹರಿದು, ಮೇಜಿನ ಅಂಚಿಗೆ ಹಾಕಿದರು. ಸದ್ದು ಸಣ್ಣದಿತ್ತು. ಆದರೆ ಗಿರಿಜಾಬಾಯಿ ಆ ಸದ್ದಿಗೇ ಕಾದಿದ್ದವಳಂತೆ ಎದ್ದು ಹೋಗಿ, ಮಗನ ತಲೆಯ ಮೇಲೆ ಒಂದು ಏಟು ಕೊಟ್ಟಳು. ಯಾರೋ ತೆಗೆ ಅಂದರೆ ತೆಗೆದುಬಿಡುವುದೇ ಎಂದು ಬೈದಳು. ಬೈಯುತ್ತಲೇ ಅದೇ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಮಚ್ಛೇಂದ್ರ ಕೂತಲ್ಲೇ ಅತ್ತ. ಅದರ ನಡುವೆಯೇ ನಕ್ಕ.

ಜಹೀರೋದ್ದೀನ ಚಹಾ ತಂದ. ಭಜಿಯೂ ಬಂತು. ವಸಂತರಾವ್ ಅವರನ್ನು ಪಕ್ಕದ ಕೋಣೆಗೆ ಕರೆದೊಯ್ದು ಕೂರಿಸಿ, ಪೊಲೀಸರು ಬರುವತನಕ ಬಾಗಿಲಲ್ಲೇ ನಿಲ್ಲುವ ಜವಾಬ್ದಾರಿಯನ್ನು ಅವನು ಬಹಳ ಖುಷಿಯಿಂದ ಹೊತ್ತ. ಅಳಿಸಿದ ದಾಖಲೆಗಳಲ್ಲಿ ಎಷ್ಟೋ ಭಾಗ ಮೆಮೊರಿಯಲ್ಲಿ ಇನ್ನೂ ಉಳಿದಿತ್ತು, ಹೆಕ್ಕಿ ತೆಗೆಯಬಹುದು ಎಂದ ಮಚ್ಛೇಂದ್ರ. ಹಾಗಾದರೆ ಹಳೆಯ ಸಿಸ್ಟಮ್ಮಿನಲ್ಲೇ ಟ್ಯಾಂಕರುಗಳು ಹೊರಡಲಿ, ಹೆಕ್ಕುವುದು ಆಮೇಲೆ ಎಂದರು ಬೇಗಂ. ಮೊದಲ ಟ್ಯಾಂಕರ್ ಚಿಂತಾಕಿಗೆ ಎಂದು ಬೋರ್ಡಿನ ಮೇಲೆ ಮೂಡಿದಾಗ ಹೊರಗೆ ಡ್ರೈವರೊಬ್ಬ ಸೀಟಿ ಹೊಡೆದದ್ದು ಒಳಗಿನತನಕ ಕೇಳಿಸಿತು.

ಭಾಲಚಂದ್ರ ಎರಡನೇ ಭಜಿಗೆ ಕೈಹಾಕಿದ. ಸಿನಿಮಾ ಆಗಿದ್ದರೆ ಇಲ್ಲಿಗೆ ಪರದೆ ಮೇಲೆ ಶುಭಂ ಬಿದ್ದು ಜನ ಚಪ್ಪಲಿ ಹುಡುಕಿಕೊಳ್ಳಬೇಕಿತ್ತು.

"ಭಾಲೂಭೈ," ಎಂದ ಮಚ್ಛೇಂದ್ರ. "ಇಲ್ಲಿ ನೋಡ್ರಿ ಜರಾ."

ಅವನು ಕಡತದ ಕೊನೆಗೆ ಹೋಗಿದ್ದ. ಸರ್ವರ್ ಯಾಕೆ ಸತ್ತಿತು ಎಂಬುದು ಬರೆದಿರುವ ಜಾಗ ಅದು. ದಾಖಲೆ ಅಳಿಸುವಾಗ ಏನೋ ಎಡವಟ್ಟಾಗಿ ಸತ್ತಿತು ಎಂದೇ ಎಲ್ಲರ ನಂಬಿಕೆ. ಅದು ಸುಳ್ಳಾಗಿತ್ತು. ಸರ್ವರನ್ನು ಯಾರೋ ಬೇಕೆಂದೇ ಕೊಂದಿದ್ದರು. ಈ ಕೋಣೆಯಲ್ಲಿ ಕೂತು, ಈಗ ಮಚ್ಛೇಂದ್ರನ ಕೈಯಡಿ ಇರುವ ಇದೇ ಕೀಬೋರ್ಡಿನ ಕೆಲವು ಗುಂಡಿಗಳನ್ನು ಒಟ್ಟಿಗೆ ಒತ್ತಿ. ಭಾಲ್ಕಿಯಿಂದ ಕಳ್ಳ ಅಳಿಸುತ್ತಿದ್ದಾಗ ಇಲ್ಲಿ ಕೂತವನೊಬ್ಬ ಅದನ್ನು ಕಣ್ಣಾರೆ ಕಂಡು, ನಿಲ್ಲಿಸಲು ಬೇರೆ ದಾರಿ ಕಾಣದೆ, ಯಜಮಾನನನ್ನೇ ಹೊಡೆದು ಕೆಡವಿದ್ದ. ಮೂಲೆಯಲ್ಲಿ ಕೊಡ ಇದ್ದೇ ಇದೆ ಎಂಬ ಧೈರ್ಯದ ಮೇಲೆ.

ಆ ಧೈರ್ಯ ಇರುವವನು ಜಗತ್ತಿನಲ್ಲಿ ಒಬ್ಬನೇ. ಕೊಡ ಇಟ್ಟವನು. ಅವನ ಹೆಸರೂ ಅಲ್ಲೇ ಇತ್ತು. ಹೋದ ವರ್ಷವೇ ಸರ್ವರಿನಿಂದ ತೆಗೆದುಹಾಕಬೇಕಾಗಿದ್ದ, ಗುರುವಿನ ಹೆಸರೆಂದು ಮಚ್ಛೇಂದ್ರ ಮನಸ್ಸಾಗದೆ ಉಳಿಸಿಕೊಂಡಿದ್ದ ಹೆಸರು.

ಕಾಶೀರಾಮ.

"ಪುಣೆದಾಗ ಇದ್ದವ ಇಲ್ಲಿ ಹ್ಯಾಂಗ ಬಂದಾನ," ಎಂದ ಮಚ್ಛೇಂದ್ರ.

ಬೆಂಚಿನ ಮೇಲೆ ಗಿರಿಜಾಬಾಯಿ ಚಹಾದ ಬಟ್ಟಲನ್ನು ಕೆಳಗಿಟ್ಟಳು.

"ಇನ್ನ ಹೇಳಿದ್ರ ನಡೀತದ ಕಾಣ್ತದ," ಎಂದಳು. "ಆ ಕೊಡ ಬಿಚ್ಚಿದ್ದು ಅವನಿಗೇ. ಸೋಮವಾರ ಸರ್ವರ್ ಕೆಟ್ಟದಂತ ಫೋನ್ ಬಂದು ನೀ ಬೀದರ ಬಸ್ ಹತ್ತಿದಿ. ನೀ ಹೋದ ಮ್ಯಾಲ ನಿನ್ನ ಹುಡುಕ್ಕೋತ ಬಂದ. ಹೊಸ್ತಿಲದಾಗ ಕುಸದು ಬಿದ್ದ. ನೀರು ಕುಡಿಸಿ ಎಬ್ಬಿಸಿದೆ. ಯಾರ ಮುಂದೂ ಹೇಳಬ್ಯಾಡ ಆಯಿ, ನನ್ನ ಜೀವದ್ದು ಅದ, ಅಂದ."

ಎಲ್ಲಿಗೆ ಹೋದ ಎಂದು ಭಾಲಚಂದ್ರ ಕೇಳಿದ.

"ಮೆಹಕರಕ್ಕ. ಅಲ್ಲೇ ಇರ್ತಾನಂತ, ಒಂದು ಮನ್ಯಾಗ. ಹೊರಗಿಂದ ಕೀಲಿ ಹಾಕೋರು ದಾರಿ ಕಾಯ್ತಾರ, ಲಗೂನ ಹೋಗ್ಬೇಕು ಅಂದ."

ಮಿಂಚುವ ಬೀಗ ಭಾಲಚಂದ್ರನ ಕಣ್ಣ ಮುಂದೆ ತೂಗಾಡಿತು. ಒಳಗೊಬ್ಬ ಜೀವಂತ ಮನುಷ್ಯ. ಅವನನ್ನು ಅಡಗಿಸಲೋ, ಕೂಡಿಹಾಕಲೋ, ಹೊರಗಿನಿಂದ ಬೀಗ ಜಡಿಯುವ ಇನ್ನೊಬ್ಬರು. ಅವರೇ ಸೋಮವಾರ ಅವನಿಗೆ ಈ ಕೋಣೆಯ ಬಾಗಿಲನ್ನೂ ತೆರೆದಿರಬೇಕು. ಈ ಕೋಣೆಯ ಬಾಗಿಲಿಗೆ ಕೀಲಿಕೈ ಒಂದೇ. ಇವತ್ತು ಬೆಳಿಗ್ಗೆ ಅದರಿಂದ ಬಾಗಿಲು ತೆರೆದವರನ್ನು ಅವನು ನೋಡಿದ್ದ.

ಎರಡನೇ ಭಜಿ ಕೈಯಲ್ಲೇ ಉಳಿಯಿತು. ಅವನ ಕೈ ಮೇಜಿನ ಅಂಚಿಗೆ ಹೋಗಿ, ಹರಿದ ದೂರಿನ ಅರ್ಧ ಕಾಗದವನ್ನು ಎತ್ತಿಕೊಂಡಿತು. ಬೆಳಿಗ್ಗೆ ಈ ಕಲೆ ಬಿದ್ದಾಗ ಭಜಿ ಇನ್ನೂ ಬಂದೇ ಇರಲಿಲ್ಲ. ಮೂಗಿನ ಹತ್ತಿರ ಹಿಡಿದ. ಕಡಲೆಹಿಟ್ಟಿನ ವಾಸನೆ ಇಲ್ಲ, ಮೆಣಸಿನಕಾಯಿಯದೂ ಇಲ್ಲ. ಹೊಲಿಗೆ ಯಂತ್ರಕ್ಕೆ, ಬೀಗಕ್ಕೆ ಬಿಡುವ ತೆಳ್ಳನೆಯ ಎಣ್ಣೆಯ ವಾಸನೆ.

ಸ್ಕೂಟರಿನ ಮೇಲೆ ಬಾಯಿಪಾಠ ಮಾಡಿದ್ದ, ಸೀನಿನ ಜೊತೆ ಹಾರಿಹೋಗಿದ್ದ ಡೈಲಾಗು ಈಗ ಪದ ತಪ್ಪದೆ ನೆನಪಿಗೆ ಬಂತು. ಕಳ್ಳನ್ನ ಹುಡುಕಬ್ಯಾಡ, ಕೀಲಿಕೈ ಯಾರ ಹತ್ರ ಅದ ನೋಡು.

ತಲೆ ಎತ್ತಿದ. ಮೇಜಿನ ಆಚೆ ಖುರ್ಷಿದ ಬೇಗಂ ಅವನನ್ನೇ ನೋಡುತ್ತಿದ್ದರು. ಯಾವಾಗಿನಿಂದಲೋ. ಒಂದು ಕೈ ಮಡಿಲಲ್ಲಿದ್ದ ಚೀಲದ ಬಾಯಿಯನ್ನು ನಿಧಾನವಾಗಿ ಮುಚ್ಚುತ್ತಿತ್ತು. ಒಳಗೆ ಕೀಲಿಕೈಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಯಿತು.

"ಚಾ ಆರ್ಲಿಕತ್ತದ ಭಾಲಚಂದ್ರ," ಎಂದರು. "ಕುಡೀರಿ."